ತಾಯಿ ಕಡೆಯ ಬಟ್ಟೆ

ಅಣ್ಣು ಬಂಗೇರರು ಸಿಟ್ಟಾದದ್ದನ್ನು ನಾನು ನೋಡಿಲ್ಲ. ಸುಸ್ತಾದದ್ದನ್ನು ದಿನಾ ನೋಡಿದ್ದೇನೆ. ಜಿದ್ದಾದ ಶರಫಿಯಾ ಪೇಟೆಯ ಒಂದು ಸಂದಿಯಲ್ಲಿ ಅವರ ಹೊಲಿಗೆ ಅಂಗಡಿ. ಗೋಡೆಗೆ ಗೋಡೆ ತಾಗಿಕೊಂಡು ನಾನು ಗುಮಾಸ್ತನಾಗಿದ್ದ ಕಾರ್ಗೋ ಆಫೀಸು. ಮಿಷನ್ನಿನ ಸದ್ದು ನಿಂತರೆ ಸಾಕು, ಈಗ ಈ ಮನುಷ್ಯ ಸೊಂಟ ಹಿಡಿದುಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಾರೆ ಎಂದು ನನಗೆ ತಿಳಿಯುತ್ತಿತ್ತು. ಬಂದವರು ಬೀದಿಯ ಕಡೆ ನೋಡಿ ಒಂದು ಆಕಳಿಕೆ ತೆಗೆದು, "ಚಾ ಕುಡಿಯುವಾ ಶಾಮಣ್ಣ?" ಎನ್ನುತ್ತಿದ್ದರು. ಚಹಾ ಕುಡಿಯುವುದನ್ನೂ ಅವರು ಒಂದು ಕೆಲಸದಂತೆಯೇ ಮಾಡಿ ಮುಗಿಸುತ್ತಿದ್ದರು.

ಊರು ಕಿನ್ನಿಗೋಳಿಯ ಹತ್ತಿರ. ಮೀಸೆ ಮೂಡುವ ಮೊದಲೇ ಬೊಂಬಾಯಿಗೆ ಹೋಗಿ ಅಲ್ಲಿ ಹೊಲಿಗೆ ಕಲಿತು, ಅಲ್ಲಿಂದ ಜಿದ್ದಾಕ್ಕೆ ಬಂದವರು. ನಾನು ಮೈಸೂರಿನಿಂದ ಬಂದು ಇಳಿದಾಗಲೇ ಅವರು ಶರಫಿಯಾದ ಹಳೆಯ ತಲೆ. ತೊಂಬತ್ತಾರರ ಹೊತ್ತಿಗೆ ಕಾಲು ಬಾತುಕೊಳ್ಳುತ್ತಿತ್ತು, ಸಕ್ಕರೆ ಕಾಯಿಲೆ ಗಟ್ಟಿಯಾಗಿ ಕೂತಿತ್ತು, ಸೂಜಿಗೆ ದಾರ ಪೋಣಿಸುವಾಗ ಕನ್ನಡಕವನ್ನು ಹಣೆಗೇರಿಸಿ, ಕೆಳಗಿಳಿಸಿ, ಕೊನೆಗೆ ತೆಗೆದೇ ಇಡುತ್ತಿದ್ದರು. ಊರಿಗೆ ಹೋಗಿಬಿಡಬೇಕು ಎಂದು ಅವರು ಹೇಳುತ್ತಿದ್ದದ್ದನ್ನು ಕೇಳಿ ಕೇಳಿ ನನಗೆ ಅದು ಫ್ಯಾನಿನ ಸದ್ದಿನಂತೆ ರೂಢಿಯಾಗಿಹೋಗಿತ್ತು.

ಆ ವರ್ಷ ಮಾತ್ರ ಅದು ಬರಿ ಮಾತಾಗಿ ಉಳಿಯಲಿಲ್ಲ. ಅಂಗಡಿಯ ಲೈಸೆನ್ಸ್ ಯಾರ ಹೆಸರಿನಲ್ಲಿತ್ತೋ ಆ ಸೌದಿ ಯಜಮಾನ, ಅಂದರೆ ಅವರ ಕಫೀಲ್, ಒಂದು ಸಂಜೆ ಬಂದು ಕೂತು, "ನೀನು ಹೋಗುವುದಾದರೆ ಹೋಗು, ಅಣ್ಣು. ಆದರೆ ನಿನ್ನ ಮಿಷನ್ನಿನ ಮುಂದೆ ಕೂರುವವನನ್ನು ನೀನೇ ತೋರಿಸಿ ಹೋಗು. ನಿನ್ನ ಮನೆಯವನೇ ಆಗಬೇಕು, ಬೇರೆಯವರ ಗ್ಯಾರಂಟಿ ನನಗೆ ಬೇಡ. ಒಂದು ವೀಸಾ ಇದೆ. ರಂಜಾನ್ ಶುರುವಾಗುವ ಮೊದಲು ಹೆಸರು ಕೊಡು" ಎಂದ. ಒಳ್ಳೆಯ ಮನುಷ್ಯ, ಮಾತಿಗೆ ತಪ್ಪುವವನಲ್ಲ. ನಾನು ಗೋಡೆಯಾಚೆಯಿಂದಲೇ ಇದನ್ನು ಕೇಳಿಸಿಕೊಂಡು, ಸದ್ಯ ಈ ಮುದುಕನಿಗೆ ಬಿಡುಗಡೆಯಾಯಿತು ಎಂದುಕೊಂಡೆ.

ಕಫೀಲ್ ಹೋದಮೇಲೆ ಕೇಳಿದೆ, "ಮಗನನ್ನು ಕರೆಸುತ್ತೀರಾ?" ಅವರ ಮಗ ಕರುಣಾಕರ ಕಿನ್ನಿಗೋಳಿಯಲ್ಲೇ ಒಂದು ಅಂಗಡಿಯಲ್ಲಿ ಹೊಲಿಯುತ್ತಾನೆಂದು ನನಗೆ ಗೊತ್ತಿತ್ತು.

"ಇಲ್ಲ ಮಾರಾಯ್ರೆ. ರಂಜಿತ್ ಬರ್ತಾನೆ. ತಂಗಿ ವಾರಿಜಾಕ್ಷಿಯ ಮಗ. ಅವನೂ ಅದೇ ಅಂಗಡಿಯಲ್ಲಿ ಕಲ್ತವ."

"ಮಗನಿರುವಾಗ ತಂಗಿಯ ಮಗ ಯಾಕೆ?"

"ಮನೆಯವ ಆಗ್ಬೇಕು ಅಂತ ಹೇಳಿದ್ದಲ್ವಾ ಕಫೀಲ್? ರಂಜಿತ್ ಬಂಗೇರ. ನಾನು ಬಂಗೇರ. ಕರುಣ ಬಂಗೇರ ಅಲ್ಲ, ಅವ ಕೋಟ್ಯಾನ್."

ನನಗೆ ತಲೆ ಚಿಟ್ಟು ಹಿಡಿಯಿತು. ಚಹಾ ಆರಿಹೋಗುವಷ್ಟು ಹೊತ್ತು ಅವರು ಬಿಡಿಸಿ ಹೇಳಿದರು. ನಮ್ಮ ಮೈಸೂರಿನ ಕಡೆ ಗೋತ್ರ ಅಪ್ಪನಿಂದ ಬರುತ್ತದೆ. ತುಳುನಾಡಿನ ಅವರ ಜನರಲ್ಲಿ ಮನೆತನ ತಾಯಿಯಿಂದ. ಅದಕ್ಕೆ ಬರಿ ಎನ್ನುತ್ತಾರೆ. ಅಣ್ಣು ಅವರ ತಾಯಿ ಬಂಗೇರ, ಆದ್ದರಿಂದ ಇವರೂ ಬಂಗೇರ, ತಂಗಿಯೂ ಬಂಗೇರ, ತಂಗಿಯ ಮಕ್ಕಳೂ ಬಂಗೇರ. ಹೆಂಡತಿ ಅಕ್ಕು ಕೋಟ್ಯಾನ್, ಆದ್ದರಿಂದ ಇವರ ಸ್ವಂತ ಮಗ ಕೋಟ್ಯಾನ್. ಗಂಡಸು ದುಡಿದು ಹಾಕುವುದು ತಂಗಿಯ ಮನೆಗೆ. ಅಲ್ಲಿಯ ದೈವಕ್ಕೆ ವರ್ಷಾವಧಿ ಸೇವೆ, ಅಲ್ಲಿಯ ಹುಡುಗಿಯರ ಮದುವೆ, ಎಲ್ಲಕ್ಕೂ ಅವನೇ ಯಜಮಾನ. ಅವನ ಹೆಂಡತಿ ಮಕ್ಕಳು ಅವಳ ತವರಿನಲ್ಲಿ, ಅವಳ ಅಣ್ಣನ ನೆರಳಿನಲ್ಲಿ. ಕಾನೂನು ಯಾವಾಗಲೋ ಬದಲಾಗಿದೆಯಂತೆ. ಬೇರೆಯವರು ಎಷ್ಟೋ ಜನ ಬಿಟ್ಟೂ ಬಿಟ್ಟಿದ್ದಾರಂತೆ. ಇವರ ಮನೆಯಲ್ಲಿ ಬಿಟ್ಟಿರಲಿಲ್ಲ.

"ಇದು ಯಾವ ಸೀಮೆ ನ್ಯಾಯ ಸ್ವಾಮಿ?" ಎಂದೆ.

"ನ್ಯಾಯ ಅಲ್ಲ, ಕಟ್ಟು. ಅಳಿಯಕಟ್ಟು. ನೀವು ಘಟ್ಟದವರಿಗೆ ಇದು ಅರ್ಥ ಆಗುದಿಲ್ಲ, ಬಿಡಿ."

ಅರ್ಥವಾಗದೇ ಇರುವುದಕ್ಕೆ ಅದೇನು ಬ್ರಹ್ಮವಿದ್ಯೆಯೇ? ನನಗೆ ಅರ್ಥವಾಯಿತು, ಹಿಡಿಸಲಿಲ್ಲ ಅಷ್ಟೆ. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಊರಿಗೆ ಹೋದರೆ ಮೊದಲು ಇಳಿಯುವುದು ತಂಗಿಯ ಮನೆಯಲ್ಲಿ. ಮಗನ ಮುಖ ನೋಡಲು ಮರುದಿನ ಹೆಂಡತಿಯ ಮನೆಗೆ ನೆಂಟರ ಹಾಗೆ ಹೋಗಿ ಬರುವುದು. ಇಷ್ಟು ವರ್ಷ ಮರಳುಗಾಡಿನಲ್ಲಿ ಕಣ್ಣು ಕಳೆದುಕೊಂಡದ್ದು ಇದಕ್ಕಾಗಿಯೇ? ಕೇಳಿದ್ದರೆ ಅವರೇನೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಸುಸ್ತಾಗಿ ನನ್ನ ಮುಖ ನೋಡುತ್ತಿದ್ದರು, ಅದು ಇನ್ನೂ ಕಷ್ಟ. ಆದರೂ ಒಂದು ಸಲ ಅವರೇ ಬಾಯಿಬಿಟ್ಟಿದ್ದರು. ವೀಸಾದ ಸುದ್ದಿ ಊರಿಗೆ ಮುಟ್ಟಿದ ಮೇಲೆ ಅಕ್ಕು ಫೋನಿನಲ್ಲಿ ಒಂದೇ ಮಾತು ಕೇಳಿದರಂತೆ: ಕರುಣನಿಗೆ ಆಗುದಿಲ್ವಾ?

"ನೀವೇನು ಹೇಳಿದಿರಿ?"

"ಎಂತ ಹೇಳುದು? ಲೈನ್ ಕಟ್ ಆಯ್ತು ಅಂತ ಮಾಡಿದೆ."

ಈ ಕಥೆಯೊಳಗೆ ಸ್ಕಾಟ್‌ಲೆಂಡಿನವನೊಬ್ಬ ಬರುವುದು ಹೇಗೆಂದರೆ, ಅವನ ಹಳೆಯ ಬಟ್ಟೆಗೆ ನುಸಿ ಹಿಡಿದಿತ್ತು. ಹೆಸರು ಅಲಿಸ್ಟರ್ ಗೋರ್ಡನ್. ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರದಲ್ಲಿ ಇಂಜಿನಿಯರು, ಊರಿನ ಉತ್ತರಕ್ಕೆ ಬಿಳಿಯರ ಕಾಂಪೌಂಡಿನಲ್ಲಿ ಹೆಂಡತಿಯ ಜತೆ ವಾಸ. ಕೆಂಪು ಮುಖ, ಮೆಲ್ಲನೆಯ ಮಾತು. ಎರಡು ವರ್ಷದ ಹಿಂದೆ ಒಂದು ದಿನ ಕಾಗದದಲ್ಲಿ ಸುತ್ತಿದ ಕಿಲ್ಟ್ ತಂದು ಅಣ್ಣು ಅವರ ಮೇಜಿನ ಮೇಲೆ ಬಿಚ್ಚಿದ್ದ. ಕಿಲ್ಟ್ ಎಂದರೆ ಆ ದೇಶದ ಗಂಡಸರು ಮದುವೆ ಹಬ್ಬಗಳಿಗೆ ಸೊಂಟಕ್ಕೆ ಸುತ್ತುವ ಉಣ್ಣೆಯ ಉಡುಪು. ಮುಂದೆ ಸಪಾಟು, ಹಿಂದೆ ಸಾಲು ಸಾಲು ನೆರಿಗೆ, ಬದಿಯಲ್ಲಿ ಚರ್ಮದ ಪಟ್ಟಿ. ಅವನದ್ದು ಕಡುನೀಲಿ, ಹಸಿರು, ಕಪ್ಪು ಚೌಕುಳಿ, ಮಧ್ಯೆ ತೆಳ್ಳಗೆ ಹಳದಿ ಗೆರೆ. ಅವನ ತಂದೆ ಉಟ್ಟದ್ದಂತೆ.

ಅಣ್ಣು ಅವರಿಗೆ ಬೊಂಬಾಯಿಯಲ್ಲಿ ಕಲಿತ ಅರ್ಧ ಇಂಗ್ಲಿಷು. ಉಳಿದರ್ಧಕ್ಕೆ ನನ್ನನ್ನು ಕರೆದರು. ಗೋರ್ಡನ್ ಹೇಳಿದ್ದು ಇಷ್ಟು. ಅವರ ದೇಶದಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಚೌಕುಳಿ, ಅದಕ್ಕೆ ಟಾರ್ಟನ್ ಎನ್ನುತ್ತಾರೆ. ಗೋರ್ಡನ್ ಮನೆತನದ ಒಡೆಯ ಇನ್ನೂರು ವರ್ಷದ ಹಿಂದೆ ಒಂದು ಪಡೆ ಕಟ್ಟಿದ. ಬಟ್ಟೆ ಒದಗಿಸುವ ವ್ಯಾಪಾರಿ ಸೈನ್ಯದ ಮಾಮೂಲಿ ಚೌಕುಳಿಗೆ ಹಳದಿ ಗೆರೆ ಸೇರಿಸಿ ಮೂರು ಮಾದರಿ ಕೊಟ್ಟ: ಒಂದು ಗೆರೆಯದ್ದು, ಎರಡರದ್ದು, ಮೂರರದ್ದು. ಒಡೆಯ ಒಂದು ಗೆರೆಯದ್ದನ್ನು ಆರಿಸಿದ. ಅಂದಿನಿಂದ ಅದು ಗೋರ್ಡನ್ನರದ್ದು. ಹೆಸರು ಹೊತ್ತವರೆಲ್ಲ ಒಂದೇ ರಕ್ತದವರೂ ಅಲ್ಲವಂತೆ. ಒಡೆಯನ ನೆಲದಲ್ಲಿ ಉಳುತ್ತಿದ್ದವರೂ ಅವನ ಹೆಸರನ್ನೇ ಇಟ್ಟುಕೊಂಡರಂತೆ. ಅಂಗಡಿಯವನೊಬ್ಬ ವ್ಯಾಪಾರಕ್ಕೆಂದು ಎಳೆದ ಗೆರೆಗೆ ಇಷ್ಟು ಭಕ್ತಿಯೇ ಎಂದು ನನಗೆ ನಗು ಬಂತು. ಅಣ್ಣು ನಗಲಿಲ್ಲ.

"ಹಾಗಾದ್ರೆ ಇವರಿಗೂ ಬರಿ ಉಂಟು," ಎಂದರು. "ಬಟ್ಟೆಯಲ್ಲೇ ಗೊತ್ತಾಗ್ತದೆ. ನಮ್ಮದಕ್ಕಿಂತ ಸುಲಭ." ಆ ಮಾತು ಆಗ ನನಗೆ ಅರ್ಥವಾಗಿರಲಿಲ್ಲ.

ಆ ಕಿಲ್ಟನ್ನು ಅವರು ಪೂರ್ತಿ ಬಿಚ್ಚಿ, ತೂತುಗಳಿಗೆ ಒಳಮಡಿಕೆಯಿಂದಲೇ ನೂಲು ತೆಗೆದು ಹೆಣೆದು, ಮತ್ತೆ ನೆರಿಗೆ ಹಿಡಿದು ಹೊಲಿದರು. ನೆರಿಗೆ ಹಿಡಿಯುವುದರಲ್ಲೇ ಅದರ ಗುಟ್ಟು: ಬಟ್ಟೆ ಎಷ್ಟೇ ಮಡಚಿದರೂ ಹಿಂದಿನಿಂದ ನೋಡಿದರೆ ಚೌಕುಳಿ ಮುರಿಯದೆ ಕಾಣಬೇಕು. ಗೋರ್ಡನ್ ಬೆರಳಾಡಿಸಿ ತೂತಿದ್ದ ಜಾಗ ಹುಡುಕಿದ, ಸಿಗಲಿಲ್ಲ. ಅಂದಿನಿಂದ ಅವನ ಷರಟು, ಪ್ಯಾಂಟು, ಎಲ್ಲ ಇಲ್ಲೇ. ಶುಕ್ರವಾರದ ಗದ್ದಲದಲ್ಲಿ ಊರಿನ ಹುಡುಗರ ನಡುವೆ ಸ್ಟೂಲಿನ ಮೇಲೆ ಕೂತು ಚಹಾ ಕುಡಿದು ಹೋಗುತ್ತಿದ್ದ.

ತೊಂಬತ್ತಾರರ ನವೆಂಬರಿನಲ್ಲಿ ಅವನು ಎರಡು ಬಟ್ಟೆ ತಂದ. ಆ ದಿನ ನಾನು ಬಂದರಿನಲ್ಲಿ ಕಸ್ಟಮ್ಸಿನವರ ಮುಂದೆ ನಿಂತು ಬೇಯುತ್ತಿದ್ದೆ. ನಡೆದದ್ದು ಆಮೇಲೆ ಇಬ್ಬರ ಬಾಯಿಂದಲೂ ಕೇಳಿದ್ದು. ಒಂದು ಗೋರ್ಡನ್ನರ ನೀಲಿ ಹಸಿರು. ಇನ್ನೊಂದು ಕಣ್ಣಿಗೆ ಹೊಡೆಯುವ ಹಳದಿ, ಅದರ ಮೇಲೆ ಅಗಲ ಕಪ್ಪು ಪಟ್ಟೆ, ಸಣ್ಣ ಕೆಂಪು ಗೆರೆ. ಅದು ಅವನ ಹೆಂಡತಿಯ ತಂದೆಯ ಮನೆತನ, ಮೆಕ್ಲೌಡ್. ಅವಳ ಮದುವೆಯ ಕಾಲದಲ್ಲಿ ಕೊಟ್ಟ ಬಟ್ಟೆ, ಇಷ್ಟು ವರ್ಷ ಪೆಟ್ಟಿಗೆಯಲ್ಲಿತ್ತು. ಎರಡೂ ಹೆಚ್ಚುಕಡಿಮೆ ಒಂದೇ ಉದ್ದ. ಏಪ್ರಿಲಿನಲ್ಲಿ ಸ್ಕಾಟ್‌ಲೆಂಡಿನಲ್ಲಿ ಅವನ ಒಬ್ಬನೇ ಮಗನ ಮದುವೆ. ಅಲ್ಲಿಯ ಕಿಲ್ಟ್ ಹೊಲಿಯುವವರು ಮುಂದಿನ ವರ್ಷ ಬಾ ಎಂದಿದ್ದರು. ಮಗನಿಗೆ ಒಂದು ಕಿಲ್ಟ್, ಹೆಂಡತಿಗೆ ಒಂದು ಉದ್ದ ಲಂಗ ಮತ್ತು ಹೆಗಲಿಗೆ ಪಟ್ಟಿ. ಮಗನ ಅಳತೆ, ಹೆಂಡತಿಯ ಒಂದು ಹಳೆಯ ಲಂಗ ಕೊಟ್ಟು, ಇದು ಗೋರ್ಡನ್, ಅದು ಮೆಕ್ಲೌಡ್ ಎಂದು ತೋರಿಸಿ, ಕೆಲಸದ ಮೇಲೆ ಯಾನ್ಬುವಿಗೆ ಹೊರಟುಹೋದ. ಯಾವುದು ಯಾರಿಗೆಂದು ಅವನು ಹೇಳಲಿಲ್ಲ. ಇವರು ಕೇಳಲಿಲ್ಲ. ಇಬ್ಬರಿಗೂ ಅದು ಸೂರ್ಯ ಪೂರ್ವದಲ್ಲಿ ಹುಟ್ಟುವಷ್ಟು ಗೊತ್ತಿದ್ದ ವಿಷಯ.

ಆ ದಿನಗಳಲ್ಲಿ ಅಣ್ಣು ನೆಲದ ಮೇಲೆ ಹಾಳೆ ಹಾಸಿ, ಹಳದಿ ಬಟ್ಟೆಯ ನಡುವೆ ಕೂತು ನೆರಿಗೆ ಹಿಡಿಯುತ್ತಿದ್ದರು. ನಾನು ಇಣುಕಿದರೆ, "ಹುಲಿವೇಷದ ಬಣ್ಣ ಮಾರಾಯ್ರೆ. ಹುಡುಗ ಬಂದ್ರೆ ಊರೆಲ್ಲ ನೋಡ್ಬೇಕು" ಎನ್ನುತ್ತಿದ್ದರು. ಕೈಯಲ್ಲೇ ಹೊಲಿಗೆ, ಮಿಷನ್ ಮುಟ್ಟಿಸಲಿಲ್ಲ. ಬೆನ್ನು ನೆಟ್ಟಗಾಗದೆ ಗೋಡೆ ಹಿಡಿದು ಏಳುತ್ತಿದ್ದರು. ನೀಲಿ ಹಸಿರನ್ನು ಕತ್ತರಿಸಿ ಲಂಗ ಮಾಡಿದ್ದೂ ನನ್ನ ಕಣ್ಣೆದುರೇ. ಚೆನ್ನಾಗಿದೆ ಎಂದು ತಲೆದೂಗಿದೆ. ಯಾವುದು ಯಾರದ್ದೆಂದು ನನಗಾದರೂ ಏನು ಗೊತ್ತು?

ಡಿಸೆಂಬರಿನ ಒಂದು ಮಧ್ಯಾಹ್ನ ಗೋರ್ಡನ್ ಬಂದ. ಹೆಂಡತಿ ಕಪ್ಪು ಅಬಾಯಾ ಹಾಕಿಕೊಂಡು ಹೊರಗೆ ಕಾರಿನಲ್ಲೇ ಕೂತಿದ್ದಳು. ಅಣ್ಣು ಎರಡು ಕಟ್ಟನ್ನೂ ಬಿಚ್ಚಿದರು. ಹಳದಿ ಕಿಲ್ಟನ್ನು ಎರಡೂ ಕೈಯಲ್ಲಿ ಹಿಡಿದು, ಹಿಂದೆ ತಿರುಗಿಸಿ ನೆರಿಗೆ ತೋರಿಸಿ, ಹೊಗಳಿಕೆಗೆ ಕಾಯುತ್ತಾ ನಿಂತರು. ಗೋರ್ಡನ್ ಅದನ್ನು ನೋಡಿದ, ಲಂಗವನ್ನು ನೋಡಿದ, ಮತ್ತೆ ಕಿಲ್ಟನ್ನು ನೋಡಿದ. ಕೆಂಪು ಮುಖ ಬಿಳುಚಿತು.

"ಮಿಸ್ಟರ್ ಅಣ್ಣು, ಇದು ಉಲ್ಟಾ," ಎಂದ.

ಆಮೇಲೆ ನನ್ನನ್ನು ಕರೆದರು. ನಾನು ಹೋಗಿ ನಡುವೆ ನಿಂತೆ. ಗೋರ್ಡನ್ ದನಿ ಏರಿಸಲಿಲ್ಲ, ಅದೇ ಕಷ್ಟವಾಯಿತು. ಬೈದಿದ್ದರೆ ಬೈಸಿಕೊಂಡು ಕೈತೊಳೆದುಕೊಳ್ಳಬಹುದಿತ್ತು. "ಕೇಳು ಶಾಮಣ್ಣ, ನನ್ನ ಮಗನಿಗೆ ಅವನ ತಾಯಿಯ ಮನೆತನದ ಬಟ್ಟೆ ಯಾಕೆ ಹೊಲಿದರೆಂದು ಕೇಳು."

ಕೇಳಿದೆ. ಅಣ್ಣು ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಮತ್ತೆ ಯಾರದ್ದು ಹೊಲಿಯುದು? ಮಗ ತಾಯಿಯ ಬರಿ ಅಲ್ವಾ?"

"ಮತ್ತೆ ಹೆಂಡತಿಗೆ ಗಂಡನ ಮನೆತನದ್ದು ಯಾಕೆ?"

"ಮದುವೆ ಅಂದ ಮೇಲೆ ಹೆಂಡತಿಗೆ ಸೀರೆ ಗಂಡನ ಕಡೆಯದ್ದಲ್ವಾ? ಧಾರೆ ಸೀರೆ ಯಾರು ತರುದು? ಹಾಗೇ ಇರ್ಬೇಕು ಅಂತ ತಿಳ್ಕೊಂಡೆ." ಅವರ ದನಿ ಸಣ್ಣಗಾಗುತ್ತಾ ಬಂತು. "ತಪ್ಪಾಯ್ತಾ ಶಾಮಣ್ಣ?"

ನಾನು ಗೋರ್ಡನ್ನನಿಗೆ ತುಳುನಾಡಿನ ಬರಿ, ಅಳಿಯಕಟ್ಟು, ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳುವ ಹೊತ್ತಿಗೆ ಬೆವರಿಳಿಯಿತು. ಘಟ್ಟದ ಮೇಲಿನ ನಾನು ಈ ಪದ್ಧತಿಯ ವಕೀಲನಾಗಿ ನಿಂತದ್ದು ನೋಡಿ ನನಗೇ ಒಂಥರಾ ಆಯಿತು. ಅವನು ಸ್ಟೂಲಿನ ಮೇಲೆ ಕೂತು, ಕಿಲ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಕೇಳಿದ. ಅವರಲ್ಲಿ ಮಗನಿಗೆ ತಂದೆಯ ಹೆಸರು, ತಂದೆಯ ಟಾರ್ಟನ್. ತಾಯಿಯದ್ದನ್ನೂ ಉಡಬಹುದು, ಯಾರೂ ಅಡ್ಡಿಮಾಡುವುದಿಲ್ಲ; ಆದರೆ ತಂದೆ ಬದುಕಿದ್ದು ಎದುರಿಗೆ ಕೂತಿರುವಾಗ ಮಗ ತಾಯಿ ಕಡೆಯದ್ದನ್ನು ಉಟ್ಟು ಬಂದರೆ ಜನ ತಂದೆಯ ಮುಖ ನೋಡುತ್ತಾರೆ.

"ಹುಡುಗ ಎಂಟನೇ ವಯಸ್ಸಿಗೆ ಬೋರ್ಡಿಂಗ್ ಶಾಲೆಗೆ ಹೋದ," ಎಂದ ಗೋರ್ಡನ್. "ನಾನು ಇಲ್ಲಿ ನೀರು ಕಾಯಿಸುತ್ತಾ ಕೂತೆ. ಬೇಸಿಗೆಯಲ್ಲಿ ಬರುತ್ತಿದ್ದ, ಹೋಗುತ್ತಿದ್ದ. ಅವನಿಗೆ ನಾನು ಯಾರೆಂದು ಗೊತ್ತು, ಅಷ್ಟೆ. ಒಂದು ದಿನವಾದರೂ ನಮ್ಮೂರಿನ ಚರ್ಚಿನಲ್ಲಿ ಅವನನ್ನು ನೋಡಿದವರು, ಇವನು ಗೋರ್ಡನ್ನನ ಮಗ ಎನ್ನಲಿ ಅಂತ ಇತ್ತು."

ಅದನ್ನು ನಾನು ಕನ್ನಡಕ್ಕೆ ತಿರುಗಿಸಿದೆ. ಅಣ್ಣು ನೆಲ ನೋಡುತ್ತಾ ಕೇಳಿದರು. ಲಂಗಕ್ಕೆಂದು ಕತ್ತರಿಸಿದ ಬಟ್ಟೆ ಮತ್ತೆ ಒಂದಾಗುವುದಿಲ್ಲ. ಉಳಿದ ತುಂಡಿನಲ್ಲಿ ಅರ್ಧ ಕಿಲ್ಟೂ ಆಗದು. ಇಷ್ಟು ವರ್ಷದಲ್ಲಿ ಅವರ ಕತ್ತರಿ ತಪ್ಪಿದ್ದಿಲ್ಲ. ಈಗಲೂ ಕತ್ತರಿ ತಪ್ಪಿರಲಿಲ್ಲ. ಎದ್ದು ಹೋಗಿ ಗೋರ್ಡನ್ನನಿಗೆ ನೀರು ತಂದು ಕೊಟ್ಟರು.

ಅವನು ಕುಡಿದು ಮುಗಿಸುವವರೆಗೆ ನಿಂತಿದ್ದು, ಒಂದು ಪ್ರಶ್ನೆ ಕೇಳಿದರು. ನನ್ನನ್ನು ಬಿಟ್ಟು ಅವನನ್ನೇ, ತಮ್ಮ ಅರ್ಧ ಇಂಗ್ಲಿಷಿನಲ್ಲಿ. ಹುಡುಗನ ತಾಯಿಗೆ ತಮ್ಮ ಇದ್ದಾನೆಯೇ?

ಇದ್ದಾನೆ, ಎಂದ ಗೋರ್ಡನ್. ಕುರಿ ಸಾಕುತ್ತಾನೆ.

ಮದುವೆಯಲ್ಲಿ ಅವನ ಕೆಲಸ ಏನು?

"ಕೆಲಸವೇ? ಏನೂ ಇಲ್ಲ. ಮೂರನೇ ಸಾಲಿನಲ್ಲಿ ಕೂರುತ್ತಾನೆ. ಆಮೇಲೆ ಕುಡಿದು ಹಾಡುತ್ತಾನೆ."

ಹುಡುಗನ ಓದು, ಬಟ್ಟೆಬರೆ, ಉದ್ಯೋಗ ಅವನು ನೋಡಲಿಲ್ಲವೇ?

"ಅವನು ಯಾಕೆ ನೋಡಬೇಕು? ಅದೆಲ್ಲ ನನ್ನದಲ್ಲವೇ? ಪ್ರೀತಿಗೆ ಬೇಕಾದರೆ ಒಂದು ಉಡುಗೊರೆ ಕೊಡುತ್ತಾನೆ."

ಅವನ ಮನೆ, ನೆಲ?

"ಅವನ ಮಕ್ಕಳಿಗೆ."

ಅಣ್ಣು "ಹಾಂ" ಎಂದರು. ಆ ಮುಖವನ್ನು ನಾನು ನೋಡಿದೆ. ದೇಶ ದೇಶದ ಜನ ಸೇರಿದ ಊರಿನಲ್ಲಿ ಇಷ್ಟು ವರ್ಷ ಇದ್ದರೂ ಅವರು ಇದನ್ನು ಯಾರ ಬಳಿಯೂ ಕೇಳಿಯೇ ಇರಲಿಲ್ಲ, ಅಥವಾ ಕೇಳಿಯೂ ಕಿವಿಗೆ ಹಾಕಿಕೊಂಡಿರಲಿಲ್ಲ. ವೀಸಾದ ಮಾತು ಬಂದಾಗಿನಿಂದ ನಾನೇ ಎಷ್ಟೋ ಸಲ ಹೇಳಿದ್ದೆನಲ್ಲ, ನಮ್ಮಲ್ಲಿ ಹೀಗಲ್ಲ ಎಂದು. ಹೇಳುವವನು ಶಾಮಣ್ಣನಾದರೆ ಅದು ಘಟ್ಟದವರ ಮಾತು. ಬಟ್ಟೆಯಲ್ಲಿ ಬರಿ ನೇಯ್ದುಕೊಂಡವನೇ ಹೀಗೆ ಹೇಳಿದಾಗ ಅವರಿಗೆ ತಾಗಿತು.

ಗೋರ್ಡನ್ನನ ಕೆಲಸಕ್ಕೆ ದಾರಿ ತೋರಿಸಿದ್ದೂ ಅವರೇ. "ಸಾರ್, ನಿಮ್ಮ ಹಳೆಯ ಕಿಲ್ಟ್ ತನ್ನಿ" ಎಂದರು. ಅಪ್ಪ ಮಗ ಒಂದೇ ಎತ್ತರ, ಮಗನ ಸೊಂಟ ಮಾತ್ರ ಸಣ್ಣದು. ಪಟ್ಟಿಗಳನ್ನು ಒಳಗೆ ಸರಿಸಿ, ಮುಂದಿನ ಮಡಿಕೆ ಬಿಗಿಮಾಡಿದರೆ ಹುಡುಗನಿಗೆ ಸರಿಹೋಗುತ್ತದೆ. ಅಜ್ಜ ಉಟ್ಟದ್ದು, ಅಪ್ಪ ಉಟ್ಟದ್ದು, ಮಗ ಉಡಲಿ.

"ಆಗ ನಾನು?" ಎಂದ ಗೋರ್ಡನ್.

"ನೀವು ಪ್ಯಾಂಟ್ ಹಾಕಿ ಸಾರ್. ಹೊಸದು ಹೊಲಿದು ಕೊಡ್ತೇನೆ."

ಗೋರ್ಡನ್ ಮೊದಲ ಸಲ ನಕ್ಕ. ಹಳದಿ ಕಿಲ್ಟನ್ನೂ ತೆಗೆದುಕೊಂಡೇ ಹೋದ, ಕಾರಿನಲ್ಲಿದ್ದ ಹೆಂಡತಿ ಅದನ್ನು ನೋಡಿ ಕೈಬಿಡಲೇ ಇಲ್ಲವಂತೆ. ನೀಲಿ ಲಂಗ ಹಿಡಿಸದೆ ಇದ್ದರೂ ಬಾಯಿಗೆ ಬೀಗ ಹಾಕಿಕೊಂಡಳೆಂದು ಕಾಣುತ್ತದೆ. ಎರಡು ವಾರದೊಳಗೆ ಅಣ್ಣು ಹಳೆಯ ಕಿಲ್ಟನ್ನು ಸರಿಮಾಡಿ ಕೊಟ್ಟು, ಆ ಕೆಲಸದಿಂದ ಏಳಲು ಹೋಗಿ ಎರಡು ಸಲ ಮತ್ತೆ ಕೂತುಬಿಟ್ಟರು.

ರಂಜಾನ್ ಹತ್ತಿರ ಬಂತು. ಒಂದು ಸಂಜೆ ಪ್ರಾರ್ಥನೆಯ ಹೊತ್ತಿಗೆ ಬೀದಿಯ ಅಂಗಡಿಗಳೆಲ್ಲ ಶಟರು ಎಳೆದಾಗ, ನಾವಿಬ್ಬರೂ ಹಿಂದಿನ ಸಂದಿಯಲ್ಲಿ ಡಬ್ಬಗಳ ಮೇಲೆ ಕೂತಿದ್ದೆವು. ಅಣ್ಣು ಇದ್ದಕ್ಕಿದ್ದಂತೆ ಹೇಳಿದರು, "ಕಫೀಲನಿಗೆ ಹೆಸರು ಕೊಟ್ಟೆ ಶಾಮಣ್ಣ. ಕರುಣನದ್ದು."

ನಾನು ಅವರ ಕೈ ಹಿಡಿದುಕೊಂಡೆ. ಏನು ಹೇಳಿದೆನೋ ನೆನಪಿಲ್ಲ, ಸಂತೋಷವಾಗಿತ್ತು.

"ತಂಗಿಗೆ ಹೇಗೆ ಹೇಳುದು ಗೊತ್ತಿಲ್ಲ. ಅವಳು ಅಳ್ತಾಳೆ. ರಂಜಿತ್ ಪಾಸ್‌ಪೋರ್ಟ್ ಮಾಡ್ಸಿ ಕೂತಿದ್ದಾನೆ. ದೈವದ ಎದುರು ಎಂತ ಮುಖ ಇಟ್ಟು ನಿಲ್ಲುದು, ಅದೂ ಗೊತ್ತಿಲ್ಲ." "ಆದ್ರೆ ನನಗೆ ಸಾಕಾಯ್ತು ಮಾರಾಯ್ರೆ. ಹುಟ್ಟಿದಾಗಿಂದ ಯಾರಿಗೋ ಮಾವ. ಒಂದು ಸಲ ಅಪ್ಪ ಆಗುವ ಅಂತ ಕಂಡಿತು. ನನ್ನ ಮಿಷನಲ್ಲಿ ನನ್ನ ಮಗ ಕೂರ್ಲಿ. ಅವನಿಗೆ ಪಕ್ಕದಲ್ಲಿ ಕೂತು ಒಂದು ತಿಂಗಳು ಎಲ್ಲ ತೋರಿಸಿ ಕೊಟ್ಟು, ಮತ್ತೆ ನಾನು ಹೋಗುದು."

ಆ ಒಂದು ತಿಂಗಳ ಮೇಲೆ ಅವರಿಗೆ ಎಂಥ ಆಸೆ ಎಂದು ಆಗ ನನಗೆ ಅರ್ಥವಾಯಿತು. ಕರುಣಾಕರನಿಗೆ ಇಪ್ಪತ್ತು ದಾಟಿತ್ತು. ಅಷ್ಟು ವರ್ಷದಲ್ಲಿ ಅವನೊಂದಿಗೆ ಅವರು ಒಂದೇ ಸೂರಿನಡಿ ಒಂದು ತಿಂಗಳು ಕಳೆದವರಲ್ಲ. ಮರುದಿನವೇ ಅವರು ಮಗನಿಗೆಂದು ಮಂಚದ ಪಕ್ಕದಲ್ಲಿ ಇನ್ನೊಂದು ಹಾಸಿಗೆಗೆ ಜಾಗ ಮಾಡಿದರು. ತಮ್ಮ ಮಿಷನ್ನಿಗೆ ಎಣ್ಣೆ ಬಿಟ್ಟು, ಪಟ್ಟಿ ಬದಲಾಯಿಸಿದರು. ಮೊಳಕಾಲಿನ ನೋವಿಗೆ ಮುಖ ಹಿಂಡುತ್ತಲೇ ಸ್ಟೂಲಿನ ಮೇಲೆ ಹತ್ತಿ ಟ್ಯೂಬ್‌ಲೈಟು ಒರೆಸಿದರು. "ಹುಡುಗನ ಕಣ್ಣು ಹಾಳಾಗ್ಬಾರ್ದು" ಎಂದರು.

ಶುಕ್ರವಾರ ಮಗನಿಗೆ ಫೋನ್ ಮಾಡುವುದೆಂದು ಆಯಿತು. ಅಕ್ಕುವಿನ ಮನೆಯಲ್ಲಿ ಫೋನಿಲ್ಲ. ಹತ್ತಿರದ ದಿನಸಿ ಅಂಗಡಿಗೆ ಹೇಳಿಟ್ಟರೆ ಕರೆದುಕೊಡುತ್ತಿದ್ದರು. ಶರಫಿಯಾದ ಟೆಲಿಫೋನ್ ಕ್ಯಾಬಿನ್ನುಗಳ ಮುಂದೆ ಆ ದಿನ ಜಾತ್ರೆಯಷ್ಟು ಜನ, ಎಲ್ಲರಿಗೂ ಊರು ಶುಕ್ರವಾರವೇ ನೆನಪಾಗುತ್ತದೆ. ಅಣ್ಣು ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಬಂದಿದ್ದರು, ಫೋನಿನಲ್ಲಿ ಮಗ ನೋಡುತ್ತಾನೇನೋ ಎಂಬಂತೆ. ಸರದಿ ಬಂದಾಗ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಗಾಜಿನಾಚೆ ನಾನು ನಿಂತಿದ್ದೆ. ತುಳುವಿನ ಮಾತು ಕೇಳಿಸಲಿಲ್ಲ. ಮೊದಲು ಅವರೇ ಬಿಡುವಿಲ್ಲದೆ ಮಾತಾಡಿದರು, ಕೈ ಆಡಿಸುತ್ತಾ, ಆಮೇಲೆ ಕೇಳಿಸಿಕೊಂಡರು, ಕೊನೆಗೆ ಬರಿ ತಲೆಯಾಡಿಸುತ್ತಿದ್ದರು.

ಹೊರಗೆ ಬಂದು, ನಾನೊಬ್ಬ ಅಲ್ಲಿದ್ದೇನೆಂಬುದೇ ಮರೆತವರಂತೆ ನಡೆದರು. ನಾನು ಹಿಂದೆ ಹಿಂದೆ ಹೋದೆ. ಅಂಗಡಿಯ ಮುಂದಿನ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಕಳಚಿ ಬಾತ ಕಾಲನ್ನು ಉಜ್ಜಿಕೊಳ್ಳತೊಡಗಿದರು.

"ಏನೆಂದ ಕರುಣ?"

"ಕಫೀಲನ ಹತ್ರ ಹೋಗ್ಬೇಕು ಈಗ. ರಂಜಿತನ ಹೆಸರೇ ಇರ್ಲಿ ಅಂತ ಹೇಳ್ಬೇಕು."

"ಯಾಕೆ? ಬರುವುದಿಲ್ಲವಂತೆಯೇ?"

"ಅವನಿಗೆ ದಾರಿ ಆಗಿದೆ ಶಾಮಣ್ಣ. ಅಕ್ಕುವಿನ ಅಣ್ಣ ಬೊಂಬಾಯಿಯಲ್ಲಿ ಅವನಿಗೆ ಅಂಗಡಿ ಮಾಡಿ ಕೊಡ್ತಾ ಉಂಟು. ಜಾಗ ನೋಡಿ ಆಯ್ತಂತೆ, ಮಿಷನ್ ಕೂಡ ಬಂದಿದೆಯಂತೆ. ಮಾವ ಅವನಿಗೆ ಹುಡುಗಿ ಸಹ ನೋಡಿದ್ದಾರಂತೆ. ಎಲ್ಲ ಮಾವನೇ." ಅವರು ಹೆಬ್ಬೆರಳನ್ನು ಒತ್ತಿ ಒತ್ತಿ ನೋಡಿದರು. "ಸರಿ ಅಲ್ವಾ? ನಾನು ರಂಜಿತನಿಗೆ ಮಾಡಿದ ಹಾಗೆ ಅವರು ಕರುಣನಿಗೆ ಮಾಡಿದ್ರು. ಒಂದು ಕಡೆಯೂ ಕಮ್ಮಿ ಆಗ್ಲಿಲ್ಲ."

ನನಗೆ ಸಿಟ್ಟು ಬಂತು. ಯಾರ ಮೇಲೆಂದು ತಿಳಿಯದ ಸಿಟ್ಟು. "ಅಪ್ಪನ ಮೇಲೆ ಕೋಪ ಇಟ್ಟುಕೊಂಡು ಹೇಳಿದನೇನೋ. ಎರಡು ದಿನ ಬಿಟ್ಟು ಇನ್ನೊಮ್ಮೆ ಮಾತಾಡಿ" ಎಂದೆ.

"ಕೋಪ ಇದ್ದಿದ್ರೆ ಆಗ್ತಿತ್ತು ಮಾರಾಯ್ರೆ. ಇಲ್ಲ. ಒಳ್ಳೇದು ಮಾಡಿ ಮಾತಾಡಿದ. ನನ್ನ ಕಾಲು ಹೇಗುಂಟು ಅಂತ ಕೇಳಿದ, ಸಕ್ಕರೆಯ ಮದ್ದು ಬಿಡ್ಬೇಡಿ ಅಂದ." ಅಣ್ಣು ಚಪ್ಪಲಿ ಹಾಕಿಕೊಳ್ಳಲು ಬಗ್ಗಿದರು. ಕಾಲು ಒಳಗೆ ಹೋಗಲಿಲ್ಲ, ಮತ್ತೊಮ್ಮೆ ತಳ್ಳಿದರು. "ಫೋನ್ ಇಡುವಾಗ ಹೇಳಿದ, ನೀವು ಊರಿಗೆ ಬಂದ್ರೆ ನಮ್ಮ ಮನೆಗೂ ಒಮ್ಮೆ ಬನ್ನಿ ಅಪ್ಪ ಅಂತ."